ಮನೆಯ ತಿಂಡಿ, ಸೊಪ್ಪು–ತರಕಾರಿಯ ಊಟ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಪೋಷಣೆ ಕುರಿತ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು ಇವು ಗ್ರಾಮ ಪಂಚಾಯತಿಯ ಸಭೆಯಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯಗಳು. ಮನೆಯ ಒಲೆಯ ಮೇಲೆ ಏನು ಬೇಯುತ್ತದೆ, ಶಾಲೆಯಿಂದ ಮರಳಿದ ಮಗುವಿನ ಕೈಗೆ ಏನು ಬರುತ್ತದೆ ಎಂಬುದು ಸಭೆಯ ನಡವಳಿಯಲ್ಲಿ ದಾಖಲಾಗುವುದು ವಿರಳ. "ಅಡುಗೆಮನೆಯ ವಿಚಾರ ಪಂಚಾಯತಿಗೇಕೆ?" ಎಂಬ ಪ್ರಶ್ನೆ ಏಳುವುದೂ ಸಹಜವೇ.

ಈ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲಿಯೇ ಇದೆ. 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ ಕುಡಿಯುವ ನೀರು, ಸಂತೆ ಮತ್ತು ಮಾರುಕಟ್ಟೆ, ಆರೋಗ್ಯ ಮತ್ತು ನೈರ್ಮಲ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸೇರಿವೆ. ಈ ನಾಲ್ಕೂ ಬಂದು ಕೂಡುವ ಸ್ಥಳವೆಂದರೆ ಮನೆಯ ಅಡುಗೆಮನೆ.

ಅಂಕಿಗಳು ಹೇಳುವುದೇನು?

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 6 ತಿಂಗಳಿನಿಂದ 59 ತಿಂಗಳವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 60.9 ಇತ್ತು. ಅಂದರೆ ಇಳಿಯಬೇಕಾದುದು ಏರಿದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ.

ಈ ಪ್ರಮಾಣವನ್ನು ಒಂದು ಅಂಗನವಾಡಿಗೆ ಅನ್ವಯಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೂವತ್ತು ಮಕ್ಕಳು ಸಾಲಾಗಿ ಕುಳಿತಿದ್ದರೆ ಅವರಲ್ಲಿ ಹತ್ತೊಂಬತ್ತು–ಇಪ್ಪತ್ತು ಮಕ್ಕಳ ರಕ್ತದಲ್ಲಿ ಇರಬೇಕಾದಷ್ಟು ಹಿಮೋಗ್ಲೋಬಿನ್ ಇರುವುದಿಲ್ಲ. ಅಂತಹ ಮಗು ಹಾಸಿಗೆ ಹಿಡಿಯುವುದಿಲ್ಲ. ಆದುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಟದಲ್ಲಿ ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ, ಪದೇ ಪದೇ ನೆಗಡಿ–ಜ್ವರಕ್ಕೆ ಗುರಿಯಾಗುತ್ತದೆ.

ಸರ್ಕಾರದ ವತಿಯಿಂದ ಕಾರ್ಯಕ್ರಮಗಳು ಇಲ್ಲವೆಂದಲ್ಲ. 2002ರಲ್ಲಿ ಆರಂಭಗೊಂಡ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ, ಗರ್ಭಿಣಿ–ಬಾಣಂತಿಯರಿಗಾಗಿ 2017ರಲ್ಲಿ ಆರಂಭವಾದ ಮಾತೃಪೂರ್ಣ, 2018ರಲ್ಲಿ ಚಾಲನೆಗೊಂಡ ಪೋಷಣ್ ಅಭಿಯಾನ ಇವೆಲ್ಲವೂ ದಿನದ ಒಂದು ಹೊತ್ತಿನ ಕೊರತೆಯನ್ನು ತುಂಬುತ್ತಿವೆ. ಉಳಿದ ಹೊತ್ತಿನ ಊಟ–ತಿಂಡಿ ಮನೆಯದೇ. ಭಾನುವಾರ, ಹಬ್ಬ, ಬೇಸಿಗೆ ರಜೆಗಳಲ್ಲಿ ಮೂರು ಹೊತ್ತೂ ಮನೆಯದೇ.

ವಾರ್ಡ್ ಸಭೆಯೊಂದರ ಪ್ರಸಂಗ

ಬಯಲುಸೀಮೆಯ ಒಂದು ಗ್ರಾಮದ ವಾರ್ಡ್ ಸಭೆಯಲ್ಲಿ ಇದೇ ವಿಷಯ ಪ್ರಸ್ತಾಪಕ್ಕೆ ಬಂತು. ಶಾಲೆಯ ಮುಂದಿನ ಅಂಗಡಿಯಲ್ಲಿ ಮಕ್ಕಳು ಪ್ರತಿದಿನ ಐದು ರೂಪಾಯಿಯ ಕುರುಕಲು ಪೊಟ್ಟಣ ಕೊಳ್ಳುವುದನ್ನು ಕಂಡ ಸದಸ್ಯರೊಬ್ಬರು ತಾಯಂದಿರಿಗೆ ಬುದ್ಧಿಮಾತು ಹೇಳಿದರು. ಮನೆಯಲ್ಲಿಯೇ ತಿಂಡಿ ಮಾಡಿಕೊಡಬೇಕು, ಸೊಪ್ಪು–ತರಕಾರಿ ತಿನ್ನಿಸಬೇಕು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕೂಲಿಕಾರ ಮಹಿಳೆಯೊಬ್ಬರು ಎದ್ದು ನಿಂತು ಉತ್ತರ ಕೊಟ್ಟರು:

"ಸ್ವಾಮಿ, ಪೊಟ್ಟಣ ಒಳ್ಳೇದಲ್ಲ ಅಂತ ನಂಗೂ ಗೊತ್ತು. ಬೆಳಗ್ಗೆ ಆರೂವರೆಗೆ ನಲ್ಲಿ ಬತ್ತದೆ, ಏಳೂವರೆಗೆ ನಿಂತೋಯ್ತದೆ. ಎಂಟಕ್ಕೆ ಕೂಲಿ ಗಾಡಿ ಬತ್ತದೆ. ನೀರು ಹಿಡೀಲೋ, ಒಲೆ ಮುಂದೆ ಕೂರ್ಲೋ? ಒಂದು ಮುದ್ದೆ ತಿರುವಿಟ್ಟು ಹೋಗದೇ ಹೆಚ್ಚು. ಮಗ ಅಳ್ತಾನೆ, ಐದು ರೂಪಾಯಿ ಕೊಡ್ತೀನಿ."

ಸಭೆ ಒಂದು ಕ್ಷಣ ಮೌನವಾಯಿತು. ಆ ತಾಯಿಯ ಮಾತಿನಲ್ಲಿ ಅಜ್ಞಾನವಿರಲಿಲ್ಲ, ಅಲಕ್ಷ್ಯವೂ ಇರಲಿಲ್ಲ. ಕೊರತೆಯಿದ್ದದ್ದು ಸಮಯಕ್ಕೆ. ಆ ಸಮಯವನ್ನು ನಿಗದಿಪಡಿಸುತ್ತಿದ್ದದ್ದು ಗ್ರಾಮ ಪಂಚಾಯತಿಯೇ. ಅಡುಗೆಗೆ ಬೇಕಾದ ಆ ಒಂದು ಗಂಟೆಯಲ್ಲಿಯೇ ಓಣಿಗೆ ನೀರು ಬಿಡಲಾಗುತ್ತಿತ್ತು. ಚರ್ಚೆಯ ನಂತರ ನೀರುಗಂಟಿಯೊಂದಿಗೆ ಮಾತನಾಡಿ, ಆ ಓಣಿಯ ಸರದಿಯನ್ನು ಸಂಜೆಗೆ ಬದಲಾಯಿಸಲಾಯಿತು. ಹೊಸ ಕೊಳವೆ ಹಾಕಲಿಲ್ಲ, ಹಣವೂ ವೆಚ್ಚವಾಗಲಿಲ್ಲ. ಬೆಳಗಿನ ಒಂದು ಗಂಟೆ ಆ ಮನೆಗಳಿಗೆ ಮರಳಿ ದೊರೆಯಿತು.

ಈ ಪ್ರಸಂಗದಿಂದ ತಿಳಿಯಬೇಕಾದುದು ಇಷ್ಟು: ತಾಯಂದಿರಿಗೆ ಉಪದೇಶ ನೀಡುವ ಮೊದಲು ಅವರ ದಿನಚರಿಯನ್ನು ಅರಿಯಬೇಕು. ಪೋಷಣೆಯ ಮಾತು ಯಾರನ್ನೂ ದೂಷಿಸುವ ಮಾತಾಗಬಾರದು. ಮುಂದೆ ವಿವರಿಸಿರುವ ತಿಂಡಿ–ಊಟಗಳನ್ನು ಆಯ್ದಿರುವುದೂ ಇದೇ ದೃಷ್ಟಿಯಿಂದ. ಇವುಗಳಿಗೆ ಬೇಕಾದ ಸಾಮಗ್ರಿ ಊರಿನಲ್ಲಿಯೇ ಇದೆ, ಹಿಡಿಯುವ ಸಮಯ ಕಡಿಮೆ, ಬಹುಪಾಲು ಕೆಲಸವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದು.

ಐದು ರೂಪಾಯಿಯ ಲೆಕ್ಕ

ಎರಡು ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ತಲಾ ಒಂದು ಪೊಟ್ಟಣದಂತೆ ಹತ್ತು ರೂಪಾಯಿ ಖರ್ಚಾದರೆ ತಿಂಗಳಿಗೆ 300 ರೂಪಾಯಿ, ವರ್ಷಕ್ಕೆ 3,650 ರೂಪಾಯಿ ಆಗುತ್ತದೆ. ಈ ಹಣಕ್ಕೆ ಪ್ರತಿಯಾಗಿ ಮನೆಗೆ ಬರುವುದು ಬಹುಮಟ್ಟಿಗೆ ಹಿಟ್ಟು, ಎಣ್ಣೆ ಮತ್ತು ಉಪ್ಪು. ಗ್ರಾಮಸಭೆಯಲ್ಲಿ ಅಂತಹ ಒಂದು ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಅದರ ಹಿಂಬದಿಯಲ್ಲಿ ಮುದ್ರಿತವಾಗಿರುವ ತೂಕ, ಸಾಮಗ್ರಿ ಹಾಗೂ ಉಪ್ಪಿನ ಪ್ರಮಾಣವನ್ನು ಗಟ್ಟಿಯಾಗಿ ಓದಿಸಿದರೆ ಸಾಕು, ಬೇರೆ ಭಾಷಣ ಬೇಕಾಗುವುದಿಲ್ಲ. ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಮನೆಯಲ್ಲಿ ಸುಲಭವಾಗಿ ಆಗುವ ಮೂರು ತಿಂಡಿಗಳು

ಮೊದಲನೆಯದು ರಾಗಿ ಹುರಿಹಿಟ್ಟು. ರಾಗಿಯನ್ನು ತೊಳೆದು, ಸ್ವಲ್ಪ ಹೊತ್ತು ನೆನೆಸಿ, ನೀರು ಬಸಿದು ನೆರಳಿನಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿದರೆ ಹುರಿಹಿಟ್ಟು ಸಿದ್ಧ. ಒಮ್ಮೆ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ವಾರಗಟ್ಟಲೆ ಬಳಸಬಹುದು. ಮಗು ಶಾಲೆಯಿಂದ ಬಂದ ಕೂಡಲೇ ಎರಡು–ಮೂರು ಚಮಚ ಹುರಿಹಿಟ್ಟಿಗೆ ಒಂದು ಚೂರು ಬೆಲ್ಲದ ಪುಡಿ, ಒಂದು ಚಮಚ ಕಾಯಿತುರಿ, ಅರ್ಧ ಲೋಟ ಹಾಲು ಬೆರೆಸಿ ಕೊಡಬಹುದು. ಒಲೆ ಹಚ್ಚುವ ಅಗತ್ಯವೇ ಇಲ್ಲ. ಹತ್ತು ವರ್ಷದ ಮಗು ತಾನೇ ಕಲಸಿಕೊಳ್ಳಬಲ್ಲದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ ಮಾತ್ರ.

ಎರಡನೆಯದು ಕಡಲೆಕಾಯಿ–ಎಳ್ಳಿನ ಉಂಡೆ. ಕಾಲು ಕಿಲೋ ಕಡಲೆಕಾಯಿ ಬೀಜವನ್ನು ಹದವಾಗಿ ಹುರಿದು ಸಿಪ್ಪೆ ತೆಗೆಯಬೇಕು. 50 ಗ್ರಾಂ ಎಳ್ಳನ್ನು ಬೇರೆಯಾಗಿ ಹುರಿದುಕೊಳ್ಳಬೇಕು. ಎರಡನ್ನೂ 150 ಗ್ರಾಂ ಬೆಲ್ಲದೊಡನೆ ಒರಳಿನಲ್ಲಿ ಅಥವಾ ಮಿಕ್ಸಿಯಲ್ಲಿ ತರಿತರಿಯಾಗಿ ಕುಟ್ಟಿದರೆ ಬೀಜದ ಎಣ್ಣೆಯೇ ಉಂಡೆ ಕಟ್ಟಲು ಸಾಕಾಗುತ್ತದೆ. ಪಾಕ ತೆಗೆಯುವ ಕಷ್ಟವಿಲ್ಲ. ನಿಂಬೆ ಗಾತ್ರದ ಹದಿನೈದಕ್ಕೂ ಹೆಚ್ಚು ಉಂಡೆಗಳಾಗುತ್ತವೆ. ಕಡಲೆಕಾಯಿ ಬೀಜದಲ್ಲಿ ತೂಕದ ಕಾಲುಭಾಗದಷ್ಟು ಸಸಾರಜನಕವಿದೆ. ಎರಡು ಎಚ್ಚರಿಕೆಗಳು ಇಲ್ಲಿ ಅಗತ್ಯ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ ಬೀಜಗಳನ್ನು ಆರಿಸಿ ಎಸೆಯಬೇಕು. ಅವುಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷಾಂಶ ಇರಬಹುದು. ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಲುಕುವ ಅಪಾಯವಿದೆ. ಬೆಲ್ಲವೂ ಸಕ್ಕರೆಯ ಜಾತಿಯದೇ ಆದುದರಿಂದ ದಿನಕ್ಕೆ ಒಂದು ಉಂಡೆ ಸಾಕು.

ಮೂರನೆಯದು ಮೊಳಕೆ ಹೆಸರುಕಾಳಿನ ಉಸ್ಲಿ. ಬೆಳಿಗ್ಗೆ ನೆನೆಸಿದ ಕಾಳನ್ನು ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಅದನ್ನು ಹತ್ತು ನಿಮಿಷ ಬೇಯಿಸಿ, ಸಾಸಿವೆ–ಕರಿಬೇವಿನ ಒಗ್ಗರಣೆ ಕೊಟ್ಟು, ತುರಿದ ಕ್ಯಾರೆಟ್, ಕಾಯಿತುರಿ, ಕೊತ್ತಂಬರಿ ಸೊಪ್ಪು ಬೆರೆಸಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ನಿಂಬೆಯಲ್ಲಿರುವ ಸಿ ಜೀವಸತ್ವವು ಬಿಸಿಗೆ ನಾಶವಾಗುತ್ತದೆ. ಕಾಳು–ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಆ ಜೀವಸತ್ವವೇ ಸಹಾಯಕ. ಹುರುಳಿ, ಅಲಸಂದೆ, ಕಡಲೆ, ಹಸಿ ಅವರೆಕಾಳು ಯಾವುದನ್ನಾದರೂ ಇದೇ ರೀತಿ ಬೇಯಿಸಿ ಬಳಸಬಹುದು. ಗಟ್ಟಿ ಕಾಳುಗಳಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ.

ಹಬ್ಬದ ದಿನದ ಚಕ್ಕುಲಿ, ನಿಪ್ಪಟ್ಟು, ಮಳೆಗಾಲದ ಸಂಜೆಯ ಬಜ್ಜಿಯನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ. ಹಬ್ಬದ ತಿಂಡಿ ಹಬ್ಬಕ್ಕಿರಲಿ, ದಿನನಿತ್ಯಕ್ಕೆ ದಿನನಿತ್ಯದ ತಿಂಡಿಯಿರಲಿ. ಒಮ್ಮೆ ಕರಿದ ಎಣ್ಣೆಯನ್ನು ಕಪ್ಪಾಗುವವರೆಗೆ ಮತ್ತೆ ಮತ್ತೆ ಕಾಯಿಸಿ ಬಳಸದಿದ್ದರೆ ಅಷ್ಟೇ ಸಾಕು.

ತಟ್ಟೆಯ ತುಂಬ ತರಕಾರಿ

ವಯಸ್ಕರೊಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಐದು ಜನರ ಮನೆಗೆ ಅದು ಒಂದೂವರೆಯಿಂದ ಎರಡು ಕಿಲೋ ಆಗುತ್ತದೆ. ಎರಡು ಈರುಳ್ಳಿ, ಎರಡು ಟೊಮೇಟೊ, ಒಂದು ಬದನೆಕಾಯಿ ಹಾಕಿ ಸಾರು ಮಾಡುವ ಮನೆಯು ಆ ಮಟ್ಟವನ್ನು ಒಂದೇ ದಿನದಲ್ಲಿ ತಲುಪಲಾರದು. ಇರುವ ಅಡುಗೆಯೊಳಗೇ ತರಕಾರಿಯ ಪಾಲು ಹೆಚ್ಚಿಸುತ್ತ ಹೋಗುವುದು ಸಾಧ್ಯವಿರುವ ಮಾರ್ಗ.

ಇದಕ್ಕೆ ಹಿರಿಯರ ಅಡುಗೆಯಲ್ಲಿಯೇ ಉತ್ತಮ ಮಾದರಿಯಿದೆ. ಅದು ಬಸ್ಸಾರು. ಒಂದು ಲೋಟ ಅಲಸಂದೆ ಅಥವಾ ತೊಗರಿಯನ್ನು ಮುಕ್ಕಾಲು ಭಾಗ ಬೇಯಿಸಿ, ಅದಕ್ಕೆ ಎರಡು ಕಟ್ಟು ದಂಟಿನ ಸೊಪ್ಪು ಅಥವಾ ಹೊಲದ ಬದುವಿನಲ್ಲಿ ಕೊಯ್ದ ಬೆರಕೆ ಸೊಪ್ಪು ಸೇರಿಸಿ ಬೇಯಿಸಿ ಬಸಿಯಬೇಕು. ಬೆಂದ ಸೊಪ್ಪು–ಕಾಳಿನಿಂದ ಒಂದು ಸೌಟನ್ನು ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಧನಿಯ, ಕಾಯಿ, ಹುಣಸೆಹಣ್ಣಿನೊಡನೆ ರುಬ್ಬಿ, ಬಸಿದ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಬೇಯಿಸಿದ ನೀರನ್ನು ಚೆಲ್ಲದಿರುವುದರಿಂದ ಅದರಲ್ಲಿ ಕರಗಿದ ಸತ್ವವೂ ತಟ್ಟೆಗೇ ಬರುತ್ತದೆ. ಇಂಧನ, ಸಮಯ, ಸಾಮಗ್ರಿ ಮೂರನ್ನೂ ಉಳಿಸುವ ಇಂತಹ ವಿಧಾನವನ್ನು ಯಾವ ತಂತ್ರಜ್ಞಾನವೂ ಸುಲಭವಾಗಿ ಮೀರಿಸಲಾರದು.

ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳಿಗೆ ರೊಟ್ಟಿಯೇ ಉಪಾಯ. ಅರ್ಧ ಕಿಲೋ ರಾಗಿಹಿಟ್ಟಿಗೆ ಎರಡು ಹಿಡಿ ಬಿಡಿಸಿದ ನುಗ್ಗೆಸೊಪ್ಪು, ತುರಿದ ಎರಡು ಕ್ಯಾರೆಟ್, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಜೀರಿಗೆ, ಸ್ವಲ್ಪ ಉಪ್ಪು ಸೇರಿಸಿ ಬಿಸಿನೀರಿನಲ್ಲಿ ಕಲಸಿ ತಟ್ಟಿದರೆ ಎಂಟು–ಹತ್ತು ರೊಟ್ಟಿಗಳಾಗುತ್ತವೆ. ಅಕ್ಕಿಹಿಟ್ಟಿನ ರೊಟ್ಟಿಗೆ ಸಬ್ಬಸಿಗೆ ಸೊಪ್ಪು, ಪಡ್ಡಿನ ಹಿಟ್ಟಿಗೆ ತುರಿದ ಸೋರೆಕಾಯಿ ಅಥವಾ ಎಲೆಕೋಸು ಹೊಂದುತ್ತದೆ. ಉಪ್ಪಿಟ್ಟು ಮಾಡುವಾಗ ಒಂದು ಲೋಟ ರವೆಗೆ ಒಂದೂವರೆ ಲೋಟ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ಅವರೆಕಾಳು ಹಾಕಿದರೆ ಅದೇ ಬಾಣಲೆಯಲ್ಲಿ ಅದೇ ಹೊತ್ತಿನಲ್ಲಿ ಪೂರ್ಣ ತಿಂಡಿಯಾಗುತ್ತದೆ.

ತರಕಾರಿಯನ್ನು ತೊಳೆದು ಹೆಚ್ಚಬೇಕೇ ಹೊರತು ಹೆಚ್ಚಿ ತೊಳೆಯಬಾರದು. ಊಟದ ಜೊತೆಗೆ ಚಹಾ–ಕಾಫಿ ಸೇವಿಸಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು.

ಕೊನೆಯಲ್ಲಿ ಉಣ್ಣುವವರು

ಮನೆಯಲ್ಲಿ ಬೆಂದದ್ದು ಎಲ್ಲರಿಗೂ ಸಮನಾಗಿ ಸೇರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು, ಹಿರಿಯರು ಉಂಡ ನಂತರ ಅಡುಗೆ ಮಾಡಿದ ಹೆಣ್ಣುಮಗಳು ಕೂರುತ್ತಾರೆ. ಆ ಹೊತ್ತಿಗೆ ಪಾತ್ರೆಯಲ್ಲಿ ಮುದ್ದೆ ಉಳಿದಿರುತ್ತದೆ, ಸಾರಿನ ತಿಳಿ ಉಳಿದಿರುತ್ತದೆ, ಪಲ್ಯ ಮುಗಿದಿರುತ್ತದೆ. ರಾಜ್ಯದ ಅರ್ಧದಷ್ಟು ಮಹಿಳೆಯರ ರಕ್ತಹೀನತೆಗೆ ಕಾರಣಗಳು ಹಲವಿದ್ದರೂ ಅವುಗಳಲ್ಲಿ ಒಂದು ಈ ಖಾಲಿ ಪಲ್ಯದ ಪಾತ್ರೆ. ಗರ್ಭಿಣಿಯಾದ ಸೊಸೆ ಕೊನೆಯಲ್ಲಿ ಉಂಡರೆ ಅದರ ಫಲ ಮೊಮ್ಮಗುವಿನ ಮೈಮೇಲೆ ಕಾಣುತ್ತದೆ.

ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು, ಇಲ್ಲವಾದರೆ ಬಡಿಸುವ ಮೊದಲೇ ಅಡುಗೆಯವರ ಪಾಲಿನ ಪಲ್ಯವನ್ನು ತೆಗೆದಿಡುವುದು ಖರ್ಚಿಲ್ಲದ ಪರಿಹಾರ. ಸೊಪ್ಪು ಬಿಡಿಸುವುದು, ಕಾಳು ನೆನೆಸುವುದು, ತರಕಾರಿ ಹೆಚ್ಚುವುದು ಗಂಡಸರಿಂದಲೂ ಆಗುವ ಕೆಲಸಗಳೇ. ರಾತ್ರಿ ಟಿ.ವಿ. ಮುಂದೆ ಕುಳಿತಾಗ ಒಂದು ಕಟ್ಟು ಸೊಪ್ಪು ಬಿಡಿಸಿಟ್ಟರೆ ಬೆಳಗಿನ ಅರ್ಧ ಕೆಲಸ ಮುಗಿದಂತೆ. ಸಭೆಯಲ್ಲಿ ಕೈಯೆತ್ತಿ ನಿರ್ಣಯ ಅಂಗೀಕರಿಸುವ ಪುರುಷ ಸದಸ್ಯರು ಇದನ್ನು ಮೊದಲು ತಮ್ಮ ಮನೆಯಲ್ಲಿ ಜಾರಿಗೆ ತಂದರೆ ಊರಿನವರು ಮಾತನ್ನು ನಂಬುತ್ತಾರೆ.

ಗ್ರಾಮ ಪಂಚಾಯತಿ ಮಾಡಬಹುದಾದ ಕೆಲಸಗಳು

1. ನೀರು ಬಿಡುವ ವೇಳೆ: ಪ್ರತಿ ಓಣಿಗೆ ನೀರು ಬರುವ ಸಮಯವನ್ನು ಪಟ್ಟಿ ಮಾಡಿ, ಕೂಲಿಗೆ ಹೋಗುವ ಮಹಿಳೆಯರೊಂದಿಗೆ ಚರ್ಚಿಸಿ, ಬೆಳಗಿನ ಅಡುಗೆಯ ಹೊತ್ತಿಗೆ ಅಡ್ಡಿಯಾಗದಂತೆ ಸರದಿ ಮರುಹೊಂದಿಸುವುದು. ನಿಗದಿಪಡಿಸಿದ ವೇಳೆಯನ್ನು ನೀರುಗಂಟಿ ತಪ್ಪದೆ ಪಾಲಿಸುವಂತೆ ನೋಡಿಕೊಳ್ಳುವುದು.

2. ಹಿತ್ತಲ ಕೈತೋಟ: ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಮೂರು ಪಾತಿಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬಿತ್ತಿದರೆ, ಸುಮಾರು ಒಂದು ತಿಂಗಳಲ್ಲಿ ಆರಂಭವಾಗುವ ಕೊಯ್ಲು ಸರದಿಯಂತೆ ಮುಂದುವರಿಯುತ್ತದೆ. ಒಂದು ನುಗ್ಗೆ, ಒಂದು ಕರಿಬೇವು, ಒಂದು ಪಪ್ಪಾಯಿ ಗಿಡವಿದ್ದರೆ ಇನ್ನೂ ಒಳ್ಳೆಯದು. ಪಾತ್ರೆ ತೊಳೆದ ನೀರನ್ನು ಜಲ್ಲಿ–ಮರಳಿನ ಗುಂಡಿಯ ಮೂಲಕ ಬಾಳೆ, ಪಪ್ಪಾಯಿ, ನುಗ್ಗೆಯ ಬುಡಕ್ಕೆ ಹರಿಸಬಹುದು. ಇದರಿಂದ ಚರಂಡಿಯ ಹೊರೆಯೂ ತಗ್ಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಈ ನೀರನ್ನು ಬಳಸಬಾರದು.

3. ಹಿತ್ತಲಿಲ್ಲದ ಮನೆಗಳು: ಕಾಲೋನಿಗಳ ಒತ್ತೊತ್ತಾದ ಮನೆಗಳಿಗೆ ಹಿತ್ತಲೇ ಇರುವುದಿಲ್ಲ. ಕೈತೋಟದ ಯೋಜನೆ ಆ ಮನೆಗಳನ್ನು ಬಿಟ್ಟು ಮುಂದೆ ಸಾಗಬಾರದು. ಅಂಗನವಾಡಿ, ಶಾಲೆ ಹಾಗೂ ಇತರ ಸಾರ್ವಜನಿಕ ಜಾಗಗಳಲ್ಲಿ ಪಾತಿಗಳನ್ನು ಗುರುತಿಸಿ, ಅಲ್ಲಿನ ಸೊಪ್ಪಿನಲ್ಲಿ ಆ ಕುಟುಂಬಗಳಿಗೆ ಪಾಲು ದೊರೆಯುವ ವ್ಯವಸ್ಥೆ ಮಾಡಬೇಕು. ಹಳೆಯ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಬಾಗಿಲ ಬಳಿಯೇ ಸೊಪ್ಪು ಬೆಳೆಯುವುದೂ ಸಾಧ್ಯ. ಬಳಸುವ ಮೊದಲು ಚೀಲವನ್ನು ಚೆನ್ನಾಗಿ ತೊಳೆಯಬೇಕು.

4. ವಾರದ ಸಂತೆ: ಸೊಪ್ಪು ಮಾರುವವರಲ್ಲಿ ಹೆಚ್ಚಿನವರು ನೆಲದ ಮೇಲೆ ಕೂರುವ ಮಹಿಳೆಯರು. ಅವರಿಗೆ ನೆರಳು, ನೀರು, ಕಟ್ಟೆ ಒದಗಿಸಿದರೆ ಸೊಪ್ಪು ಬಾಡುವುದಿಲ್ಲ, ನಷ್ಟ ತಗ್ಗುತ್ತದೆ, ಕೊಳ್ಳುವವರಿಗೂ ತಾಜಾ ಸೊಪ್ಪು ಸಿಗುತ್ತದೆ.

5. ಶಾಲೆಯ ಸುತ್ತಮುತ್ತ: ಶಾಲಾ ಮಕ್ಕಳ ಆಹಾರ ಕುರಿತ 2020ರ ಆಹಾರ ಸುರಕ್ಷತಾ ನಿಯಮಾವಳಿಯ ಪ್ರಕಾರ, ಶಾಲೆಯ ದ್ವಾರದಿಂದ 50 ಮೀಟರ್ ಅಂತರದೊಳಗೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ. ಚಿಕ್ಕ ಅಂಗಡಿಯವರೂ ಇದೇ ಊರಿನವರು, ಅವರ ಜೀವನವೂ ನಡೆಯಬೇಕು. ಆದುದರಿಂದ ಮೊದಲು ಅವರೊಂದಿಗೆ ಮಾತನಾಡಿ, ಪೊಟ್ಟಣದ ಬದಲಿಗೆ ಉಂಡೆ, ಹುರಿಗಡಲೆ, ಬಾಳೆಹಣ್ಣು, ಸೀಬೆಹಣ್ಣು ಇಡಲು ಒಪ್ಪಿಸುವುದು ಸೂಕ್ತ.

6. ಸ್ವಸಹಾಯ ಸಂಘಗಳು: ಹುರಿಹಿಟ್ಟು, ಉಂಡೆಗಳನ್ನು ಸಂಘದ ಸದಸ್ಯೆಯರು ಒಟ್ಟಾಗಿ ತಯಾರಿಸಿ ಊರಿನಲ್ಲಿಯೇ ಮಾರಿದರೆ, ಸಮಯವಿಲ್ಲದ ತಾಯಂದಿರಿಗೆ ಸಿದ್ಧ ತಿಂಡಿಯೂ ತಯಾರಿಸಿದವರಿಗೆ ಆದಾಯವೂ ದೊರೆಯುತ್ತದೆ. ಮಾರಾಟಕ್ಕೆ ಬೇಕಾದ ಆಹಾರ ಸುರಕ್ಷತಾ ನೋಂದಣಿಗೆ ಪಂಚಾಯತಿ ನೆರವಾಗಬಹುದು.

7. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ: ಪ್ರತಿ ತಿಂಗಳ ಸಭೆಯಲ್ಲಿ ಮಕ್ಕಳ ತೂಕ–ಎತ್ತರದ ವಿವರವನ್ನು ಅಂಗನವಾಡಿಯಿಂದ ಪಡೆದು, ಹಿಂದುಳಿದ ಮಕ್ಕಳ ಮನೆಗಳಿಗೆ ಭೇಟಿ ನೀಡುವುದು. ಭೇಟಿಯಲ್ಲಿ ಮೊದಲು ಕೇಳಬೇಕಾದುದು "ಏಕೆ ತಿನ್ನಿಸುತ್ತಿಲ್ಲ?" ಎಂದಲ್ಲ, "ಯಾವುದರಿಂದ ಅಡಚಣೆಯಾಗುತ್ತಿದೆ?" ಎಂದು. ತೀವ್ರ ರಕ್ತಹೀನತೆಯ ಲಕ್ಷಣವಿರುವವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗೆ ಸೊಪ್ಪು–ಕಾಳು ಪೂರಕವೇ ಹೊರತು ಬದಲಿಯಲ್ಲ.

ಮುಕ್ತಾಯ

ಈ ಏಳು ಕೆಲಸಗಳಲ್ಲಿ ಹೆಚ್ಚಿನವುಗಳಿಗೆ ದೊಡ್ಡ ಅನುದಾನ ಬೇಕಾಗಿಲ್ಲ. ಬೇಕಾಗಿರುವುದು ಸದಸ್ಯರ ಗಮನ ಮತ್ತು ಒಂದು ನಿರ್ಣಯ. ವಾರ್ಡ್ ಸಭೆಯಲ್ಲಿ ಎದ್ದು ನಿಂತ ಆ ತಾಯಿ ಪಂಚಾಯತಿಯಿಂದ ಹಣ ಕೇಳಲಿಲ್ಲ, ಆಹಾರವನ್ನೂ ಕೇಳಲಿಲ್ಲ. ತನ್ನ ಮಗನಿಗೆ ತಾನೇ ಅಡುಗೆ ಮಾಡಿಕೊಡಲು ಒಂದು ಗಂಟೆ ಬೇಕೆಂದರು. ಅಂತಹ ಮಾತು ಪ್ರತಿ ವಾರ್ಡಿನಲ್ಲಿಯೂ ಯಾರದೋ ಮನಸ್ಸಿನಲ್ಲಿ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ಸ್ಥಳವೇ ಗ್ರಾಮಸಭೆ.

ಆರಂಭವನ್ನು ಪಂಚಾಯತಿ ಕಚೇರಿಯಿಂದಲೇ ಮಾಡಬಹುದು. ಮುಂದಿನ ಸಾಮಾನ್ಯ ಸಭೆಯಲ್ಲಿ ಬಿಸ್ಕತ್ತು–ಬೋಂಡಾದ ಬದಲಿಗೆ ಊರಿನ ಸ್ವಸಹಾಯ ಸಂಘದವರು ಮಾಡಿದ ಹೆಸರುಕಾಳಿನ ಉಸ್ಲಿ ಮತ್ತು ಒಂದು ಲೋಟ ಮಜ್ಜಿಗೆ ಬರಲಿ. ಅದನ್ನು ತಿಂದು ಮುಗಿಸುವ ಹೊತ್ತಿಗೆ ನೀರಿನ ವೇಳಾಪಟ್ಟಿ ಚರ್ಚೆಗೆ ಬರಲಿ.